ಕಾದಂಬರಿಯೋ ಆತ್ಮಕಥೆಯೋ: ಮುಂದಿನ ಪುಸ್ತಕ ಕೈಗೆತ್ತಿಕೊಳ್ಳುವ ಮುಂಚೆ

‘ನಿಜವಾಗಿ ನಡೆದದ್ದನ್ನು ಓದಬೇಕು, ಅದಕ್ಕೇ ಆತ್ಮಕಥೆ’ ಎನ್ನುವವರು ಒಂದು ಕಡೆ. ‘ಯಾರೋ ತಮ್ಮನ್ನು ತಾವೇ ಹೊಗಳಿಕೊಂಡದ್ದನ್ನು ನಾನ್ಯಾಕೆ ಓದಲಿ, ಕಾದಂಬರಿಯೇ ವಾಸಿ’ ಎನ್ನುವವರು ಇನ್ನೊಂದು ಕಡೆ. ಈಚೆಗೆ ನಾನು ಎರಡನ್ನೂ ಜೋಡಿ ಜೋಡಿಯಾಗಿ ಓದುತ್ತಿದ್ದೇನೆ. ಒಬ್ಬರೇ ಬರೆದ ಕಾದಂಬರಿ ಮತ್ತು ಆತ್ಮಕಥೆ, ಇಲ್ಲವೇ ಒಂದೇ ಮನೆಯ ಇಬ್ಬರ ನೆನಪಿನ ಪುಸ್ತಕಗಳು, ಹೀಗೆ. ಹಾಗೆ ಓದುತ್ತಾ ಹೋದರೆ ಈ ನಿಜ ಸುಳ್ಳಿನ ಲೆಕ್ಕ ಪುಸ್ತಕ ಆರಿಸಲು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಿಮಗೆ ಯಾರ ಮನಸ್ಸಿನ ಒಳಗೆ ಹೋಗಬೇಕು? ಆತ್ಮಕಥೆ ಬರೆಯುವವರ ಹತ್ತಿರ ಒಂದೇ ಬೀಗದ ಕೈ ಇರುತ್ತದೆ, ಅದು ಅವರದೇ ಮನೆಯದು. ಅಲ್ಲೂ ಒಂದೆರಡು ಕೋಣೆಗೆ ಬೀಗ ಹಾಗೇ ಇರುತ್ತದೆ. ಕಾದಂಬರಿ ಬರೆಯುವವರು ಕೇಳದೆ ಎಲ್ಲರ ಮನೆಗೂ ನುಗ್ಗುತ್ತಾರೆ. ಅಮ್ಮ ಹೇಗಿದ್ದಳು ಅಂತ ತಿಳಿಯಬೇಕಾದರೆ ಕಾದಂಬರಿ, ಮಗ ಹೇಗಾದ ಅಂತ ತಿಳಿಯಬೇಕಾದರೆ ಆತ್ಮಕಥೆ. ಇದು ಸುಮ್ನೆ ಹೇಳಿದ ಮಾತಲ್ಲ, ಕೆಳಗಿನ ಮೊದಲ ಜೋಡಿ ನೋಡಿ.

‘ಗೃಹಭಂಗ’ ಮತ್ತು ‘ಭಿತ್ತಿ’

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಬಂದದ್ದು 1970ರಲ್ಲಿ. ಅವರ ಆತ್ಮಕಥೆ ‘ಭಿತ್ತಿ’ ಬಂದದ್ದು 1996ರಲ್ಲಿ. ನಡುವೆ 26 ವರ್ಷ. ಎರಡಕ್ಕೂ ಬೇರು ಒಂದೇ: ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳು, ಬಡತನ, ಜವಾಬ್ದಾರಿ ಇಲ್ಲದ ಅಪ್ಪ, ಪ್ಲೇಗು. ಭೈರಪ್ಪನವರ ತಾಯಿ ಹೋದದ್ದು ಪ್ಲೇಗಿನಲ್ಲೇ.

ಕಾದಂಬರಿಯಲ್ಲಿ ಲೇಖಕರು ತಮ್ಮನ್ನು ತಾವು ಪಕ್ಕಕ್ಕೆ ತಳ್ಳಿಕೊಂಡಿದ್ದಾರೆ. ಅವರನ್ನು ಹೋಲುವ ಹುಡುಗ ವಿಶ್ವ ಇನ್ನೂ ಚಿಕ್ಕವನು, ತುಂಟ, ಎಲ್ಲೋ ಓಡಾಡಿಕೊಂಡಿರುತ್ತಾನೆ. ಕಥೆ ನಿಂತಿರುವುದು ನಂಜಮ್ಮನ ಮೇಲೆ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಇವಳು. ದುಡ್ಡು ಬಂದಾಗ ಅದು ಅವನ ಹೊಟ್ಟೆಗೆ ಹೋಗುತ್ತದೆ. ಇವಳು ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಚೆನ್ನಿಗರಾಯ ಉಣ್ಣುವುದನ್ನು ಭೈರಪ್ಪ ಎಷ್ಟು ಹತ್ತಿರದಿಂದ ತೋರಿಸುತ್ತಾರೆಂದರೆ, ಮಕ್ಕಳಿಗೆ ಮಿಕ್ಕಿತೋ ಇಲ್ಲವೋ ಎಂಬ ಚಿಂತೆಯೇ ಇಲ್ಲದ ಆ ಮನುಷ್ಯನ ಮೇಲೆ ಓದುಗರಿಗೇ ಸಿಟ್ಟು ಬರುತ್ತದೆ. ಅವನು ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

‘ಭಿತ್ತಿ’ಯಲ್ಲಿ ಅಮ್ಮನ ಒಳಗೆ ಹೋಗುವ ದಾರಿ ಇಲ್ಲ. ಹುಡುಗ ಕಂಡದ್ದು, ಆಮೇಲೆ ಯಾರೋ ಹೇಳಿದ್ದು, ಅಷ್ಟೇ. ಅವಳು ಹೋದ ಮೇಲೆ ಪುಸ್ತಕ ಮುಂದೆ ನಡೆಯಲೇಬೇಕು, ಯಾಕೆಂದರೆ ಅದು ಮಗನ ಪುಸ್ತಕ. ಓದು ಬಿಟ್ಟು ಊರೂರು ಅಲೆದದ್ದು, ಮುಂಬೈಯಲ್ಲಿ ರೈಲು ನಿಲ್ದಾಣದ ಕೂಲಿಯಾದದ್ದು, ಸಾಧುಗಳ ಜೊತೆ ಹೋದದ್ದು, ಮತ್ತೆ ಓದಿಗೆ ಮರಳಿದ್ದು. ಈ ಭಾಗ ಯಾವ ಕಾದಂಬರಿಗೂ ಕಡಿಮೆ ಇಲ್ಲ. ಕಾದಂಬರಿಯಲ್ಲಿ ಹೀಗೆಲ್ಲ ಬರೆದಿದ್ದರೆ ‘ಸ್ವಲ್ಪ ಜಾಸ್ತಿ ಆಯ್ತು’ ಅನ್ನುತ್ತಿದ್ದೆವು.

ಹಾಗಾದರೆ ಮೊದಲು ಯಾವುದು? ನನ್ನ ಮಟ್ಟಿಗೆ ‘ಗೃಹಭಂಗ’. ‘ಭಿತ್ತಿ’ ಮೊದಲು ಓದಿಬಿಟ್ಟರೆ ಕಾದಂಬರಿ ಓದುವಾಗ ‘ಇವರು ಅವರೇ ಅಲ್ವಾ, ಇದು ಆ ಘಟನೆಯೇ ಅಲ್ವಾ’ ಅಂತ ಹುಡುಕುವ ಚಟ ಶುರುವಾಗುತ್ತದೆ. ಅದು ನಂಜಮ್ಮನಿಗೆ ಮಾಡುವ ಅನ್ಯಾಯ. ಆದರೆ ಒಂದು ಮಾತು: ‘ಗೃಹಭಂಗ’ ಉಸಿರಾಡಲು ಬಿಡದ ಪುಸ್ತಕ. ಸಾವಿನ ಮೇಲೆ ಸಾವು. ಮನಸ್ಸು ಈಗಾಗಲೇ ಭಾರವಾಗಿದ್ದರೆ ‘ಭಿತ್ತಿ’ಯಿಂದ ಶುರು ಮಾಡಿ. ಆತ್ಮಕಥೆಯಲ್ಲಿ ಒಂದು ಧೈರ್ಯ ಮೊದಲೇ ಸಿಕ್ಕಿರುತ್ತದೆ, ಇದನ್ನು ಹೇಳುತ್ತಿರುವವರು ಎಲ್ಲ ದಾಟಿ ಬಂದಿದ್ದಾರೆ ಅಂತ. ಕಾದಂಬರಿಯಲ್ಲಿ ಆ ಧೈರ್ಯ ಯಾರೂ ಕೊಡುವುದಿಲ್ಲ.

‘ಭಿತ್ತಿ’ಯ ಎರಡನೇ ಅರ್ಧದಲ್ಲಿ ಹುಬ್ಬಳ್ಳಿ, ಗುಜರಾತು, ದೆಹಲಿ, ಮೈಸೂರು, ಅಲ್ಲಿನ ಕೆಲಸ, ಕಾಲೇಜಿನ ಒಳಜಗಳ, ಸಾಹಿತ್ಯದ ಗುದ್ದಾಟ ಇದೆ. ‘ವಂಶವೃಕ್ಷ’, ‘ಪರ್ವ’ ಓದಿ ಇಷ್ಟಪಟ್ಟವರು ಬಿಡಬೇಡಿ, ಆ ಪುಸ್ತಕಗಳು ಹುಟ್ಟಿದ ಬಗೆ ಇಲ್ಲಿ ಸಿಗುತ್ತದೆ. ಉಳಿದವರು ಪುಟ ಹಾರಿಸಿದರೆ ನಷ್ಟವೇನಿಲ್ಲ.

ಇದು ‘ಭಿತ್ತಿ’ ಒಂದರ ತೊಂದರೆಯಲ್ಲ. ಕನ್ನಡದ ಎಷ್ಟೋ ಆತ್ಮಕಥೆಗಳ ಮೊದಲರ್ಧ ಬಾಲ್ಯ, ಎರಡನೇ ಅರ್ಧ ಬಯೋಡೇಟಾ. ಯಾವ ಹುದ್ದೆ, ಯಾವ ಸಮಿತಿ, ಯಾರು ಅಡ್ಡಗಾಲು ಹಾಕಿದರು, ಯಾವ ಸನ್ಮಾನ. ಹಾಗಾಗಿ ಕೊಳ್ಳುವ ಮುಂಚೆ ಪುಸ್ತಕವನ್ನು ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಮೊದಲ ಪುಟ ನಂಬಬೇಡಿ, ಬಾಲ್ಯ ಎಲ್ಲರಿಗೂ ಚೆನ್ನಾಗಿಯೇ ಬರುತ್ತದೆ.

ಗಂಡನದು ಒಂದು, ಹೆಂಡತಿಯದು ಒಂದು

ಪಿ. ಲಂಕೇಶರ ಆತ್ಮಕಥೆ ‘ಹುಳಿಮಾವಿನ ಮರ’. ಅವರು 2000ದ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಇಂದಿರಾ ಲಂಕೇಶ್ ಬರೆದ ಪುಸ್ತಕ ‘ಹುಳಿಮಾವು ಮತ್ತು ನಾನು’. ಹೆಸರಿನಲ್ಲೇ ಗೊತ್ತಾಗುತ್ತದೆ, ಇದು ಆ ಮರಕ್ಕೆ ಇನ್ನೊಂದು ಕಡೆಯಿಂದ ಬಂದು ನಿಂತ ಪುಸ್ತಕ.

ಲಂಕೇಶರದು ಚುರುಕು ಗದ್ಯ. ಕೊನಗವಳ್ಳಿಯ ಬಾಲ್ಯ, ಇಂಗ್ಲಿಷ್ ಮೇಷ್ಟರ ಕೆಲಸ, ಸಿನಿಮಾ, 1980ರಲ್ಲಿ ಶುರುವಾದ ಪತ್ರಿಕೆ. ತಮ್ಮನ್ನೂ ಬಿಡದೆ ಕುಟುಕುತ್ತಾರೆ. ಓದುವವರು ‘ಎಂಥ ಪ್ರಾಮಾಣಿಕ’ ಅನ್ನುವಷ್ಟರಲ್ಲಿ ಇಂದಿರಾ ಅವರ ಪುಸ್ತಕ ಕೈಗೆ ಬರಬೇಕು. ಆಗ ತಿಳಿಯುತ್ತದೆ, ಪ್ರಾಮಾಣಿಕತೆಗೂ ಒಂದು ದಿಕ್ಕು ಇರುತ್ತದೆ. ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವವನು ಅದನ್ನು ತನಗೆ ಬೇಕಾದ ಧಾಟಿಯಲ್ಲಿ ಹೇಳುತ್ತಾನೆ. ಅದರ ಜೊತೆ ಮನೆಯಲ್ಲಿ ಬದುಕಿದವರ ಧಾಟಿ ಬೇರೆ.

ಭಾಷೆ ನೋಡಿದರೆ ಲಂಕೇಶರ ಪುಸ್ತಕವೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಇಂದಿರಾ ಅವರದು ಅಲಂಕಾರವಿಲ್ಲದ ಮಾತು. ಆದರೆ ಎರಡರಲ್ಲಿ ಒಂದನ್ನೇ ಓದಲು ಸಮಯವಿದ್ದರೆ ನಾನು ಎರಡನೆಯದನ್ನೇ ಕೊಡುತ್ತೇನೆ. ದೊಡ್ಡ ಲೇಖಕರ ಬಗ್ಗೆ ದೊಡ್ಡ ಲೇಖಕರೇ ಬರೆದದ್ದು ನಮ್ಮಲ್ಲಿ ಬೇಕಾದಷ್ಟಿದೆ. ಪಕ್ಕದಲ್ಲಿ ನಿಂತು ನೋಡಿದವರು ಬರೆದದ್ದು ಕಡಿಮೆ. ಇಬ್ಬರದನ್ನೂ ಓದುವುದಾದರೆ ಲಂಕೇಶರದು ಮೊದಲು. ಉತ್ತರಕ್ಕೆ ಮುಂಚೆ ಪ್ರಶ್ನೆ ಗೊತ್ತಿರಬೇಕಲ್ಲ.

ಕುವೆಂಪು ಮನೆಯ ಪುಸ್ತಕಗಳು

ಇಲ್ಲಿ ಆಯ್ಕೆ ಸ್ವಲ್ಪ ಕಷ್ಟ, ಮೂರು ಪುಸ್ತಕಗಳಿವೆ. ಕುವೆಂಪು ಬರೆದ ‘ನೆನಪಿನ ದೋಣಿಯಲ್ಲಿ’ (1980), ಮಗ ಪೂರ್ಣಚಂದ್ರ ತೇಜಸ್ವಿ ಬರೆದ ‘ಅಣ್ಣನ ನೆನಪು’ (1996), ತೇಜಸ್ವಿಯವರ ಬಗ್ಗೆ ಹೆಂಡತಿ ರಾಜೇಶ್ವರಿ ತೇಜಸ್ವಿ ಬರೆದ ‘ನನ್ನ ತೇಜಸ್ವಿ’. ಹೊಸಬರು ನಡುವಿನದರಿಂದ ಶುರು ಮಾಡಬೇಕು. ಅಪ್ಪನನ್ನು ‘ಅಣ್ಣ’ ಎಂದು ಕರೆಯುತ್ತಾ, ಒಂದು ಕಣ್ಣು ಮಿಟುಕಿಸುತ್ತಾ ಬರೆದ ಪುಸ್ತಕ ಅದು. ರಾಷ್ಟ್ರಕವಿಯ ಮಗ ಅಂತ ಎಲ್ಲೂ ಕೈ ಮುಗಿದು ನಿಲ್ಲುವುದಿಲ್ಲ. ಅದಕ್ಕೇ ಕುವೆಂಪು ಎಂಬ ಮನುಷ್ಯ ಅಲ್ಲಿ ಚೆನ್ನಾಗಿ ಕಾಣುತ್ತಾರೆ.

‘ನೆನಪಿನ ದೋಣಿಯಲ್ಲಿ’ ಭಾರೀ ಗಾತ್ರದ್ದು. ಹಳೆಯ ದಿನಚರಿಯ ಪುಟಗಳನ್ನು ಕುವೆಂಪು ಹಾಗೆಹಾಗೇ ಎತ್ತಿ ಹಾಕಿದ್ದಾರೆ. ಒಂದು ಬೈಠಕ್ಕಿನಲ್ಲಿ ಓದುವ ಹಟ ಬೇಡ. ಮೇಜಿನ ಮೇಲಿಟ್ಟುಕೊಂಡು ಆಗಾಗ ಹತ್ತು ಪುಟ ಓದಿದರೆ ಸಾಕು. ಕವಿತೆಗಳು ಹುಟ್ಟಿದ ಸಂದರ್ಭ ಬೇಕಾದವರಿಗೆ ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಆದರೆ ಮಲೆನಾಡು ಬೇಕು ಅನ್ನುವವರಿಗೆ ಈ ಮೂರೂ ಅಲ್ಲ, ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ (1967). ಗುತ್ತಿ ಮತ್ತು ‘ಹುಲಿಯ’ ಎಂಬ ಅವನ ನಾಯಿ ಕಾಡುದಾರಿಯಲ್ಲಿ ನಡೆಯುತ್ತಿದ್ದಂತೆ ಪುಸ್ತಕ ತೆರೆದುಕೊಳ್ಳುತ್ತದೆ. ಊರಿನ ಗೌಡರಿಗೆ ಎಷ್ಟು ಜಾಗವೋ ಆ ನಾಯಿಗೂ ಹೆಚ್ಚುಕಡಿಮೆ ಅಷ್ಟೇ ಜಾಗ. ಆತ್ಮಕಥೆ ಬರೆಯುವವರಿಗೆ ಇದು ಸಾಧ್ಯವೇ ಇಲ್ಲ, ಅಲ್ಲಿ ‘ನಾನು’ ನಡುವೆ ಕೂತಿರಲೇಬೇಕು. ಮೊದಲ ನೂರು ಪುಟ ಯಾರು ಯಾರಿಗೆ ಏನಾಗಬೇಕು ಅಂತ ಗೊಂದಲವಾಗುತ್ತದೆ. ಬೇಕಾದರೆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ‘ಕಾನೂರು ಹೆಗ್ಗಡಿತಿ’ (1936) ಇದಕ್ಕಿಂತ ಸಲೀಸು, ಕಥೆ ನೇರವಾಗಿ ಹೋಗುತ್ತದೆ. ದೊಡ್ಡ ಕಾದಂಬರಿ ಓದಿ ಅಭ್ಯಾಸವಿಲ್ಲದವರು ಅದರಿಂದ ಶುರು ಮಾಡುವುದು ಒಳ್ಳೆಯದು.

‘ನನ್ನ ತೇಜಸ್ವಿ’ ಯಾರಿಗೆ? ತೇಜಸ್ವಿಯವರ ಕಾದಂಬರಿ ‘ಕರ್ವಾಲೋ’ ಓದಿ, ಹಾರುವ ಓತಿಯ ಹಿಂದೆ ಹೊರಟ ಆ ವಿಚಿತ್ರ ತಂಡದ ಜೊತೆ ಕಾಡು ಸುತ್ತಿ, ಬರೆದವರ ಮೇಲೆ ಪ್ರೀತಿ ಹುಟ್ಟಿದವರಿಗೆ. ಮದುವೆಗೆ ಮುಂಚಿನ ಕಾಗದಗಳು ಇದರಲ್ಲಿ ತುಂಬ ಇವೆ, ಅವೇ ಪುಸ್ತಕದ ಜೀವ. ‘ಕರ್ವಾಲೋ’ ಓದದವರು ಇದನ್ನು ಮುಟ್ಟುವ ಅವಸರ ಬೇಡ.

ತೆಳು ಪುಸ್ತಕ ಅಂದರೆ ಸುಲಭದ ಪುಸ್ತಕ ಅಲ್ಲ

ಓದು ಬಿಟ್ಟುಹೋಗಿದೆ, ಚಿಕ್ಕದೊಂದು ಹೇಳಿ ಅಂತ ಕೇಳುವವರಿಗೆ ನಾನು ‘ಊರು ಕೇರಿ’ಯ ಮೊದಲ ಭಾಗ ಕೊಡುತ್ತೇನೆ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ಅದು. ಶುರುವಿನಲ್ಲೇ ಒಂದು ಹೊಲ. ಇಬ್ಬರು ಗಂಡಸರು ಎತ್ತುಗಳ ಹಾಗೆ ಹೆಗಲ ಮೇಲೆ ನೊಗ ಹೊತ್ತು ಎಳೆಯುತ್ತಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ಹುಡುಗನಿಗೆ ನೋಡಲು ಮಜಾ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಇಷ್ಟನ್ನು ಹೇಳಿ ಸಿದ್ಧಲಿಂಗಯ್ಯ ಎದೆ ಬಡಿದುಕೊಳ್ಳುವುದಿಲ್ಲ. ಪುಸ್ತಕದ ತುಂಬ ನಗು ಇದೆ. ನಗುತ್ತಾ ಓದಿ ಮುಗಿಸಿ, ಆಮೇಲೆ ನೆನಪಿಸಿಕೊಂಡಾಗ ಕುತ್ತಿಗೆ ಬಿಗಿಯುತ್ತದೆ.

ಪಕ್ಕದಲ್ಲಿ ದೇವನೂರ ಮಹಾದೇವರ ಎರಡು ಪುಸ್ತಕ ಇಡಿ. ಎರಡೂ ತೆಳು. ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಿದ್ದಾಳೆ. ರಾತ್ರಿ ಮನೆಗೆ ಕಡಲೆಕಾಯಿ ಮೂಟೆ ಬರುತ್ತದೆ, ಕದ್ದದ್ದು. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಸುಟ್ಟು ತಿನ್ನುತ್ತಾರೆ, ಬೆಳಗಾಗುವುದರೊಳಗೆ ಗುರುತು ಉಳಿಯಬಾರದು. ಹಸಿದವರ ಮನೆಯಲ್ಲಿ ಅದೊಂದು ಹಬ್ಬದ ರಾತ್ರಿ. ಆಮೇಲೆ ಪೊಲೀಸರು ಬರುತ್ತಾರೆ. ಒಂದು ಮನೆ, ಒಂದು ರಾತ್ರಿ, ಒಂದು ಬೆಳಗು. ಕನ್ನಡದಲ್ಲಿ ಇಷ್ಟು ಕಡಿಮೆ ಪುಟದಲ್ಲಿ ಇಷ್ಟು ತುಂಬಿದ ಇನ್ನೊಂದು ಕಥೆ ನನಗೆ ಬೇಗ ಹೊಳೆಯುವುದಿಲ್ಲ.

‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರು ಕೇಳಿ ಆಸೆಯಿಂದ ತೆಗೆದುಕೊಂಡು ಮೂರನೇ ಪುಟಕ್ಕೆ ಕೈಚೆಲ್ಲಿದವರು ತುಂಬ ಜನ. ನಂಜನಗೂಡು ಕಡೆಯ ಆಡುಮಾತು, ಹಾಡಿನ ಹಾಗೆ ಹರಿಯುವ ವಾಕ್ಯ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ದೀಪಗಳು. ಕಣ್ಣಲ್ಲಿ ಓದಿದರೆ ದಕ್ಕದು, ಗಟ್ಟಿಯಾಗಿ ಓದಿದರೆ ಕಿವಿಗೆ ಸಿಕ್ಕಿಬಿಡುತ್ತದೆ. ಕ್ರಮ ಹೀಗಿರಲಿ: ಮೊದಲು ‘ಊರು ಕೇರಿ’, ಆಮೇಲೆ ‘ಒಡಲಾಳ’, ಕೊನೆಗೆ ‘ಕುಸುಮಬಾಲೆ’. ಉಲ್ಟಾ ಹೋದರೆ ಕಷ್ಟ.

ಹೆಣ್ಣಿನ ಕಡೆಯಿಂದ ಇಂಥದ್ದೇ ಜೋಡಿ ಬೇಕಾದರೆ ಸಾರಾ ಅಬೂಬಕ್ಕರ್ ಇದ್ದಾರೆ. ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’, ಆತ್ಮಕಥೆ ‘ಹೊತ್ತು ಕಂತುವ ಮುನ್ನ’. ಕಾದಂಬರಿಯ ನಾದಿರಾ ಅಪ್ಪನ ಹಟಕ್ಕೂ ತಲಾಖಿನ ನಿಯಮಕ್ಕೂ ನಡುವೆ ಸಿಕ್ಕಿಕೊಂಡವಳು. ಬರೆದವರು ಆ ಊರುಗಳಲ್ಲೇ ಓದಿ, ಬರೆದು, ಎದುರು ನಿಂತವರು. ಇಲ್ಲಿ ಎರಡನ್ನೂ ಓದಿ ಅಂತಲೇ ಹೇಳುತ್ತೇನೆ. ಬರೀ ಕಾದಂಬರಿ ಓದಿದರೆ ಆ ಸಮಾಜದಲ್ಲಿ ದಾರಿಯೇ ಇಲ್ಲ ಅನ್ನಿಸುತ್ತದೆ, ಬರೀ ಆತ್ಮಕಥೆ ಓದಿದರೆ ದಾರಿ ಇಷ್ಟು ಸಲೀಸೇ ಅನ್ನಿಸುತ್ತದೆ.

ಬರೆದದ್ದೋ, ಹೇಳಿ ಬರೆಸಿದ್ದೋ

ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ಮತ್ತು ಯು.ಆರ್. ಅನಂತಮೂರ್ತಿಯವರ ‘ಸುರಗಿ’ (2012) ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಸಿನಿಮಾ ಆದಾಗ ಪ್ರಾಣೇಶಾಚಾರ್ಯ ಆದವರು ಕಾರ್ನಾಡ್, ನಾರಣಪ್ಪ ಆದವರು ಲಂಕೇಶ್. ಮೂವರಿಗೂ ಒಂದೊಂದು ಆತ್ಮಕಥೆ ಇದೆ. ಜಗಳಗಂಟ ಓದುಗರಿಗೆ ಇದಕ್ಕಿಂತ ಇನ್ನೇನು ಬೇಕು!

ಕಾರ್ನಾಡರ ಪುಸ್ತಕ ಕೂತು ಬರೆದದ್ದು, ನಾಟಕಕಾರರ ಕೈ ಕಾಣುತ್ತದೆ. ತಾನು ಹೊಟ್ಟೆಯಲ್ಲಿದ್ದಾಗ ತೆಗೆಸಿಬಿಡೋಣ ಅಂತ ಅಮ್ಮ ಪುಣೆಯ ಡಾಕ್ಟರ ಹತ್ತಿರ ಹೋಗಿದ್ದರು, ಆ ಡಾಕ್ಟರು ಹೊತ್ತಿಗೆ ಬರಲಿಲ್ಲ, ಕಾದು ಕಾದು ವಾಪಸು ಬಂದರು. ಅಮ್ಮ ಇದನ್ನು ಎಷ್ಟೋ ವರ್ಷದ ಮೇಲೆ ಊಟಕ್ಕೆ ಕೂತಾಗ ಆರಾಮಾಗಿ ಹೇಳುತ್ತಾರೆ. ಮಗ ಪುಸ್ತಕವನ್ನು ಅರ್ಪಿಸಿರುವುದು ಆ ಡಾಕ್ಟರಿಗೆ, ಮಧುಮಾಲತಿ ಗುಣೆ ಅವರಿಗೆ. ಇಂಥ ಪರದೆ ಏಳುವ ದೃಶ್ಯ ‘ಸುರಗಿ’ಯಲ್ಲಿ ಹುಡುಕಬೇಡಿ. ಅದು ಅನಂತಮೂರ್ತಿಯವರು ಜ.ನಾ. ತೇಜಶ್ರೀ ಅವರಿಗೆ ಹೇಳಿ ಬರೆಸಿದ್ದು. ಮಾತು ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ, ಹಿಂದೆ ಬರುತ್ತದೆ, ವಾದಕ್ಕೆ ಇಳಿಯುತ್ತದೆ. ಅವರ ಭಾಷಣ ಕೇಳಿ ಇಷ್ಟಪಟ್ಟವರಿಗೆ ‘ಸುರಗಿ’ ಹಿಡಿಸುತ್ತದೆ. ಕಥೆಯ ಓಟ ಬೇಕಾದವರಿಗೆ ಕಾರ್ನಾಡರೇ ಸೈ. ನನಗೆ ಕಾರ್ನಾಡರಲ್ಲಿ ಒಂದೇ ತಕರಾರು, ಬದುಕಿನ ಮೊದಲರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಾರೆ. ಬಯೋಡೇಟಾ ತಪ್ಪಿತು ಅನ್ನುವುದು ಅದರ ಲಾಭ.

ಆತ್ಮಕಥೆಯ ವೇಷದ ಕಾದಂಬರಿ

ಎರಡೂ ಬೇಕು, ಆದರೆ ಒಂದೇ ಪುಸ್ತಕದಲ್ಲಿ ಬೇಕು ಎನ್ನುವವರಿಗೂ ದಾರಿ ಇದೆ. ಶಿವರಾಮ ಕಾರಂತರ ‘ಅಳಿದ ಮೇಲೆ’ (1960). ರೈಲಿನಲ್ಲಿ ಪರಿಚಯವಾದ ಯಶವಂತರಾಯರು ಮುಂಬೈಯಲ್ಲಿ ಸಾಯುತ್ತಾರೆ. ಅವರ ಬರಹ, ಚಿತ್ರಗಳೆಲ್ಲ ಕಥೆ ಹೇಳುವವರ ಕೈಗೆ ಬರುತ್ತವೆ. ಅವರು ಸತ್ತವರ ಊರಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾರೆ. ಒಬ್ಬೊಬ್ಬರ ಯಶವಂತರಾಯರೂ ಬೇರೆ ಬೇರೆ. ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಲು ರುಚಿಯಾದದ್ದೇ, ಯಕ್ಷಗಾನದಿಂದ ಹಿಡಿದು ಎಲ್ಲದಕ್ಕೂ ಕೈ ಹಾಕಿದ ಮನುಷ್ಯ. ಆದರೂ ಒಂದು ಬದುಕನ್ನು ಅರಿಯುವುದು ಎಷ್ಟು ಕಷ್ಟ ಅಂತ ತೋರಿಸುವುದರಲ್ಲಿ ಕಾದಂಬರಿಯೇ ಗೆಲ್ಲುತ್ತದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದರ ಇನ್ನೊಂದು ತುದಿ, ಒಂದು ಸಂಜೆಗೆ ಮುಗಿಯುತ್ತದೆ. ಕಾಫಿ ಹೌಸಿನಲ್ಲಿ ಕೂತ ‘ನಾನು’ ತನ್ನ ಮನೆಯ ಕಥೆ ಹೇಳುತ್ತಾನೆ. ಚಿಕ್ಕ ಮನೆಯಲ್ಲಿ ಇರುವೆಗಳ ಜೊತೆ ಗುದ್ದಾಡುತ್ತಿದ್ದವರು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಕಂಡವರು. ಎಷ್ಟು ಮೆತ್ತಗೆ ಹೇಳುತ್ತಾನೆ ಅಂದರೆ, ಅವನು ಏನನ್ನು ಹೇಳುತ್ತಿಲ್ಲ ಅಂತ ಕೇಳಿಕೊಳ್ಳುವುದೇ ತಡವಾಗುತ್ತದೆ. ಆತ್ಮಕಥೆ ಜಾಸ್ತಿ ಓದುವವರು ಒಮ್ಮೆ ಇದನ್ನು ಓದಿಬಿಡಬೇಕು. ಆಮೇಲೆ ಯಾವ ‘ನಾನು’ವನ್ನೂ ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ವಸುಧೇಂದ್ರರ ಬಗ್ಗೆ ಕೇಳುವವರೂ ಇದ್ದಾರೆ. ರಜೆ ಇದ್ದರೆ ‘ತೇಜೋ ತುಂಗಭದ್ರಾ’ (2019): ಲಿಸ್ಬನ್ನಿನ ಗೇಬ್ರಿಯಲ್ ಒಂದು ಕಡೆ, ತುಂಗಭದ್ರೆಯ ದಡದ ಹಂಪಮ್ಮ ಇನ್ನೊಂದು ಕಡೆ, ದಪ್ಪ ಪುಸ್ತಕವಾದರೂ ಓಟ ನಿಲ್ಲುವುದಿಲ್ಲ. ರಜೆ ಇಲ್ಲದಿದ್ದರೆ ‘ನಮ್ಮಮ್ಮ ಅಂದ್ರೆ ನಂಗಿಷ್ಟ’. ಬಿಡಿ ಬಿಡಿ ಬರಹ, ಒಂದೊಂದೇ ಓದಬಹುದು. ಉಡುಗೊರೆ ಕೊಡುವುದಾದರೆ ಎರಡನೆಯದು, ಕಣ್ಣುಮುಚ್ಚಿ ಕೊಡಬಹುದು.

ಮಾಸ್ತಿಯವರ ಆತ್ಮಕಥೆ ‘ಭಾವ’ ಮೂರು ಸಂಪುಟ. ಅವರಿಗೆ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಒಂದೇ ಪುಸ್ತಕ. ಕೊಡಗಿನ ಆ ಕೊನೆಯ ರಾಜ 1834ರಲ್ಲಿ ಗದ್ದುಗೆ ಕಳೆದುಕೊಂಡ. ನಾನೀಗ ಓದಬೇಕೆಂದಿರುವ ಜೋಡಿ ಇದು, ಕಾದಂಬರಿ ಮೊದಲು. ಮಾಸ್ತಿಯವರ ಬದುಕನ್ನು ಮಾಸ್ತಿಯವರೇ ಹೇಳಿಕೊಂಡಿದ್ದಾರೆ, ಅದು ಸ್ವಲ್ಪ ಕಾಯಬಹುದು. ಆ ರಾಜನ ಮನಸ್ಸಿನೊಳಗೆ ಹೋಗಬೇಕಾದರೆ ಮಾಸ್ತಿಯವರ ಕೈ ಹಿಡಿಯದೆ ಬೇರೆ ದಾರಿ ನನಗಿಲ್ಲ.